ಕೇಳುವ ಬುಟ್ಟಿಯಲ್ಲಿ ಸೋಪಕ್ಕನ ಲಂಗ

ನಮ್ಮ ಲಾಂಡ್ರಿಯಲ್ಲಿ ಸೋಪಕ್ಕನ ಕೈಗೆ ಸಿಕ್ಕ ಕಲೆ ಉಳಿದದ್ದೇ ಇಲ್ಲ. ಎಣ್ಣೆ, ಶಾಯಿ, ತುಕ್ಕು ಏನೇ ಇರಲಿ, ತೊಟ್ಟಿಯ ಬಳಿ ಕುಳಿತು ಒಮ್ಮೆ ಮೂಸಿ ನೋಡಿ ಉಜ್ಜಿದಳೆಂದರೆ ಅದು ಹೇಳಹೆಸರಿಲ್ಲದಂತೆ ಹೋಗುತ್ತಿತ್ತು. ಅದಕ್ಕೇ ಅವಳಿಗೆ ಆ ಹೆಸರು.

ಅವಳದೊಂದು ಕಟ್ಟುನಿಟ್ಟಾದ ನಿಯಮವಿತ್ತು. ಕಲೆಯಾದ ಬಟ್ಟೆ ಮೊದಲು ತೊಟ್ಟಿಯ ಪಕ್ಕದ ಬುಟ್ಟಿಗೆ ಹೋಗಬೇಕು. ಏನು ಬಿತ್ತು, ಯಾವಾಗ ಬಿತ್ತು ಎಂದು ಬಟ್ಟೆಯವರನ್ನು ಕೇಳುವ ತನಕ ಅದಕ್ಕೆ ಯಾರೂ ನೀರು ಸೋಕಿಸಬಾರದು. ನಾವು ಅದನ್ನು ಕೇಳುವ ಬುಟ್ಟಿ ಎನ್ನುತ್ತಿದ್ದೆವು. ಮರೆತು ನೀರಿಗೆ ಹಾಕಿದವರಿಗೆ ಅವಳು ಗ್ರಹಚಾರ ಬಿಡಿಸುತ್ತಿದ್ದಳು. "ಕಾರಣ ಗೊತ್ತಿಲ್ದೆ ಕೈ ಹಾಕಿದ್ರೆ ಕಲೆ ಒಳಗೇ ಕೂತ್ಬಿಡುತ್ತೆ ಕಣ್ರೇ!"

ಇಂಥವಳು ತನ್ನ ಬಟ್ಟೆಯ ವಿಷಯಕ್ಕೆ ಬಂದಾಗ ಮಾತ್ರ ಆ ನಿಯಮವನ್ನು ಗಾಳಿಗೆ ತೂರಿದ್ದಳು. ಅವಳಿಗೆ ಮುಟ್ಟು ನಿಂತು ವರ್ಷಗಳಾಗಿದ್ದವು. ಈಚೆಗೆ ಲಂಗದಲ್ಲಿ ಆಗಾಗ ರಕ್ತದ ಗುರುತು ಕಾಣಿಸಿಕೊಳ್ಳುತ್ತಿತ್ತು. ಮನೆಯವರು ಏಳುವ ಮೊದಲೇ ತಣ್ಣೀರಿನಲ್ಲಿ ಅದ್ದಿ, ಸೋಪು ಹಚ್ಚಿ, ಏನೂ ಆಗಿಲ್ಲವೆಂಬಂತೆ ಒಣಹಾಕಿಬಿಡುತ್ತಿದ್ದಳು. ಲಂಗ ಬೆಳ್ಳಗಾದರೆ ವಿಷಯವೂ ಮುಗಿಯಿತೆಂದು ಅವಳ ಲೆಕ್ಕ. ಕೈಯಲ್ಲಿದ್ದ ಜಾಣತನವೇ ಅವಳಿಗೆ ಮುಳುವಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳ ಗಂಡ ಓಡಿಸುವ ಲಾಂಡ್ರಿ ವ್ಯಾನು ಬೇಗ ಹೊರಡಬೇಕಾಯಿತು. ಅವಸರದಲ್ಲಿ ಲಂಗ ಬಚ್ಚಲ ಮೂಲೆಯಲ್ಲೇ ಉಳಿಯಿತು. ಅದು ಕಣ್ಣಿಗೆ ಬಿದ್ದದ್ದು ಅವಳ ಓರಗಿತ್ತಿಗೆ. ಅವಳೂ ನಮ್ಮಲ್ಲೇ ಇಸ್ತ್ರಿ ಮಾಡುವವಳು. ಮಾತು ಕಡಿಮೆ, ಆದರೆ ಹಿಡಿದ ಹಟ ಬಿಡುವವಳಲ್ಲ.

ಮಧ್ಯಾಹ್ನ ನಾವೆಲ್ಲ ಊಟಕ್ಕೆ ಹೊರಗೆ ಹೋದಾಗ ಒಳಗೆ ಅವರಿಬ್ಬರೇ ಉಳಿದಿದ್ದರು. ಸೋಪಕ್ಕ ಬುಟ್ಟಿಗೆ ಕೈ ಹಾಕಿದಳು. ಮೇಲೇ ತನ್ನ ಲಂಗ!

"ಇದನ್ನ ಇಲ್ಲಿ ಯಾರೇ ಹಾಕಿದ್ದು?"

"ನಾನೇ ಅಕ್ಕ. ಕೇಳ್ದೆ ನೀರಿಗೆ ಹಾಕ್ಬಾರ್ದು ಅಂತ ನೀನೇ ಹೇಳ್ತೀಯಲ್ಲ, ಅದಕ್ಕೇ ಕೇಳ್ತಿದೀನಿ. ಏನಿದು? ಯಾವಾಗಿಂದ?"

"ಉಷ್ಣ ಕಣೇ. ವಯಸ್ಸಾದ್ಮೇಲೆ ಒಂದೊಂದ್ಸಲ ಹಾಗಾಗುತ್ತೆ."

"ಯಾರು ಹೇಳಿದ್ರು?"

ಸೋಪಕ್ಕ ಲಂಗವನ್ನು ಮಡಿಲಲ್ಲಿ ಮುದುರಿಟ್ಟುಕೊಂಡಳು. ಯಾರೂ ಹೇಳಿರಲಿಲ್ಲ. ಅವಳು ಯಾರನ್ನೂ ಕೇಳಿರಲಿಲ್ಲ.

ಅಂದು ಸಂಜೆಯೇ ಓರಗಿತ್ತಿ ಅವಳನ್ನು ಹತ್ತಿರದ ಹೆಂಗಸರ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ನಡೆದದ್ದನ್ನೆಲ್ಲ ಆಮೇಲೆ ಸೋಪಕ್ಕನೇ ನಮಗೆ ಹೇಳಿದಳು. ಎಲ್ಲರಿಗೂ ಗೊತ್ತಾಗಲಿ, ಬರೆಯಿರಿ ಎಂದವಳೂ ಅವಳೇ.

ನರ್ಸಮ್ಮ ಬಾಗಿಲು ಹಾಕಿ ಪಕ್ಕದಲ್ಲೇ ಕುಳಿತರು. "ಯಾವಾಗ ಕಾಣಿಸುತ್ತಮ್ಮಾ?"

ಸೋಪಕ್ಕ ಓರಗಿತ್ತಿಯ ಕಡೆ ನೋಡಿದಳು. ಓರಗಿತ್ತಿ ಸುಮ್ಮನೆ ಎದ್ದು ಹೊರಗೆ ಹೋದಳು.

"ಒಂದೊಂದ್ಸಲ ಸುಮ್ಮನೇ ಬರುತ್ತೆ ಸಿಸ್ಟರ್. ನಮ್ಮ ಯಜಮಾನ್ರ ಜೊತೆ ಮಲಗಿದ್ಮೇಲಂತೂ..."

"ನಾಚಿಕೆ ಪಡಬೇಡಿ, ಎಷ್ಟೋ ಜನ ಇದನ್ನೇ ಹೇಳ್ತಾರೆ. ಹೇಳಿದ್ದು ಒಳ್ಳೇದಾಯ್ತು."

"ಕ್ಯಾನ್ಸರ್ರಾ?"

"ಹೌದು ಅಂತಾನೂ ಹೇಳಲ್ಲ, ಅಲ್ಲ ಅಂತಾನೂ ಹೇಳಲ್ಲ. ಸೋಂಕಿರಬಹುದು, ಒಳಗೆ ಚರ್ಮ ಒಣಗಿರಬಹುದು, ಸಣ್ಣ ದುರ್ಮಾಂಸ ಬೆಳೆದಿರಬಹುದು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡ್ರೂ ಡಾಕ್ಟರು ನೋಡಲೇಬೇಕು."

"ನಮ್ಮಮ್ಮ ಆಸ್ಪತ್ರೆಗೆ ಹೋದೋಳು ವಾಪಸ್ ಬರ್ಲಿಲ್ಲ ಸಿಸ್ಟರ್."

"ಅದಕ್ಕೆ ಮುಂಚೆ ಎಷ್ಟು ದಿನ ಸಹಿಸಿಕೊಂಡಿದ್ರು?"

"ವರ್ಷಗಟ್ಟಲೆ," ಎಂದಳು ಸೋಪಕ್ಕ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಅವಳ ಕಣ್ಣು ತುಂಬಿತು. ಅಮ್ಮನನ್ನು ಕೊಂದದ್ದು ಆಸ್ಪತ್ರೆ ಎಂದು ಇಷ್ಟು ಕಾಲ ನಂಬಿದ್ದಳು.

ನರ್ಸಮ್ಮ ಅವಳ ಕೈ ಹಿಡಿದುಕೊಂಡೇ ಹೇಳಿದರು. "ಗರ್ಭಕೋಶದ ಬಾಯಿಗೆ ಗರ್ಭಕಂಠ ಅಂತಾರೆ. ಅಲ್ಲಿ ಕ್ಯಾನ್ಸರ್ ಆಗೋದು ಹೆಚ್ಚಾಗಿ ಎಚ್‌ಪಿವಿ ಅನ್ನೋ ವೈರಸ್ಸಿಂದ. ಗಂಡ ಹೆಂಡತಿ ಕೂಡೋದ್ರಿಂದ ಬರುತ್ತೆ. ಬಹಳ ಜನಕ್ಕೆ ಬಂದು ತಾನಾಗೇ ಹೋಗುತ್ತೆ, ಇದ್ರಲ್ಲಿ ಯಾರ ನಡತೆ ಮೇಲೂ ಬೆರಳು ಮಾಡೋ ಹಾಗಿಲ್ಲ. ಕೆಲವರಲ್ಲಿ ಮಾತ್ರ ಉಳ್ಕೊಂಡು, ನಿಧಾನಕ್ಕೆ ವರ್ಷಾನುಗಟ್ಟಲೆ ಕೆಡಿಸುತ್ತೆ. ಶುರುವಿನಲ್ಲಿ ನೋವೂ ಇರಲ್ಲ, ರಕ್ತಾನೂ ಬರಲ್ಲ. ಪರೀಕ್ಷೆ ಮಾಡಿದ್ರೇ ಗೊತ್ತಾಗೋದು. ಆಗ ಗೊತ್ತಾದ್ರೆ ಕ್ಯಾನ್ಸರ್ ಆಗೋದನ್ನೇ ತಡೀಬಹುದು."

ಡಾಕ್ಟರಮ್ಮ ಪರದೆ ಎಳೆದು ಒಳಗೆ ಪರೀಕ್ಷಿಸಿದರು. ಮೃದುವಾದ ಸಣ್ಣ ಬ್ರಷ್ಷಿನಿಂದ ಗರ್ಭಕಂಠದ ಮಾದರಿ ತೆಗೆದುಕೊಂಡರು. ಸ್ವಲ್ಪ ಹಿಂಸೆ ಎನಿಸಿತು, ಅಷ್ಟರಲ್ಲಿ ಮುಗಿದೂ ಹೋಯಿತು.

"ಇಷ್ಟೇನಾ? ಒಂದು ಕಾಲರ್ ಉಜ್ಜೋದಕ್ಕೇ ನಾನು ಇದಕ್ಕಿಂತ ಹೆಚ್ಚು ಹೊತ್ತು ತಗೋತೀನಿ!" ಎಂದಳು ಸೋಪಕ್ಕ.

ವರದಿ ಬರುವ ತನಕ ಮಾತ್ರ ಅವಳ ಜೀವ ಅವಳ ಕೈಯಲ್ಲಿರಲಿಲ್ಲ. ಬೈಗುಳವೂ ನಿಂತಿತ್ತು. ತೊಳೆದ ಹಾಸಿಗೆ ಬಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಗರ್ಭಕೋಶದ ಸ್ಕ್ಯಾನಿಂಗ್‌ನಲ್ಲಿ ತೊಂದರೆ ಕಾಣಲಿಲ್ಲ. ರಕ್ತ ಬರುತ್ತಿದ್ದದ್ದು ಒಂದು ಸಣ್ಣ ದುರ್ಮಾಂಸದಿಂದ. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದು ಅಪಾಯದ್ದಲ್ಲ ಎಂದು ಬಂತು. ಆದರೆ ಬ್ರಷ್ಷಿನ ಮಾದರಿ ಬೇರೆಯದೇ ಸುದ್ದಿ ತಂದಿತು. ಗರ್ಭಕಂಠದಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಬದಲಾವಣೆ ಸದ್ದಿಲ್ಲದೆ ಶುರುವಾಗಿತ್ತು. ಡಾಕ್ಟರಮ್ಮ ಇನ್ನಷ್ಟು ಪರೀಕ್ಷೆ ಮಾಡಿ, ಕೆಟ್ಟಿದ್ದ ಭಾಗವನ್ನಷ್ಟೇ ತೆಗೆದರು. "ಇದಿನ್ನೂ ಕ್ಯಾನ್ಸರ್ ಆಗಿಲ್ಲ. ಸರಿಯಾದ ಹೊತ್ತಿಗೆ ಬಂದ್ರಿ. ಹೇಳಿದ ದಿನಕ್ಕೆ ಮತ್ತೆ ಬಂದು ತೋರಿಸ್ತಿರಬೇಕು," ಎಂದರು.

ವ್ಯಾನ್ ಓಡಿಸುವ ಗಂಡನಿಗೆ ವಿಷಯವೆಲ್ಲ ತಿಳಿದಾಗ ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟ. "ನೀನು ಆ ಕಡೆ ತಿರುಗಿ ಮಲಗ್ತಿದ್ದಿದ್ದು ನನ್ನ ಮೇಲಿನ ಕೋಪಕ್ಕೆ ಅಂದ್ಕೊಂಡು ನಾನೂ ಬಿಗುಮಾನ ಮಾಡಿದ್ನಲ್ಲೇ."

"ಕೋಪಾನೂ ಇತ್ತು ಬಿಡ್ರೀ. ಅದರ ಲೆಕ್ಕ ಬೇರೆ," ಎಂದಳು ಸೋಪಕ್ಕ.

ಮುಂದಿನ ವಾರ ಯಾವ ತೊಂದರೆಯೂ ಇಲ್ಲದ ಓರಗಿತ್ತಿ ತಾನಾಗಿ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಅವಳ ಹಿಂದೆ ನಾವೂ ಹೋದೆವು. ಸೋಪಕ್ಕ ಶಾಲೆಗೆ ಹೋಗುವ ಮೊಮ್ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದಳು.

ಅಕ್ಕಂದಿರೇ, ತಂಗಿಯರೇ, ನಿಮ್ಮ ಬಟ್ಟೆಯನ್ನು ನೀರಿಗೆ ಹಾಕುವ ಮೊದಲು ಒಮ್ಮೆ ನೋಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಸೇರಿದ ಮೇಲೆ ರಕ್ತ ಬಂದರೆ, ಸೇರುವಾಗ ನೋವಾದರೆ, ಬಿಳಿಸೆರಗಿನಲ್ಲಿ ಕೆಟ್ಟ ವಾಸನೆ ಬಂದರೆ, ಕಿಬ್ಬೊಟ್ಟೆ ನೋವು ಬಿಡದೆ ಕಾಡಿದರೆ ಡಾಕ್ಟರ ಬಳಿ ಹೋಗಿ. ಹಿಂದಿನ ಪರೀಕ್ಷೆ ಸರಿಯಾಗಿತ್ತಲ್ಲ ಎಂದು ಸುಮ್ಮನಿರಬೇಡಿ. ಮೂವತ್ತು ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ಗರ್ಭಕಂಠದ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಕೇಳಿ ತಿಳಿಯಿರಿ. ಮನೆಯಲ್ಲಿ ಯಾರಾದರೂ ಗುಟ್ಟಾಗಿ ಬಟ್ಟೆ ತೊಳೆಯುತ್ತಿದ್ದರೆ ಪಕ್ಕದಲ್ಲಿ ಕುಳಿತು ಮೆತ್ತಗೆ ಕೇಳಿ. ಹಾಗೆ ಒಬ್ಬಳು ಕೇಳಿದ್ದಕ್ಕೇ ಸೋಪಕ್ಕ ಇವತ್ತೂ ತೊಟ್ಟಿಯ ಬಳಿ ಕುಳಿತು ನಮ್ಮನ್ನೆಲ್ಲ ಬೈಯುತ್ತಿದ್ದಾಳೆ.