ಕುದಿಸಿದರೆ ಸಾಕೇ?

ಟೈಲರಮ್ಮನ ಗಂಡ ಬಸ್ ಡ್ರೈವರ್. ತೊಡೆಸಂದಿನಲ್ಲಿ ಹರ್ನಿಯಾ ಊದಿಕೊಂಡು, ಕ್ಲಚ್ ಒತ್ತುವಾಗೆಲ್ಲ ಹಲ್ಲು ಕಚ್ಚುತ್ತಿದ್ದರು. ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿಯಾಗಿತ್ತು. ಅಡ್ಡ ನಿಂತವರು ಟೈಲರಮ್ಮ.

"ಒಬ್ಬರಿಗೆ ಹಾಕಿದ ಕತ್ತರಿ, ಚಿಮಟ ಇನ್ನೊಬ್ಬರಿಗೂ ಹಾಕ್ತಾರಂತೆ. ಹೇಗೆ ತೊಳೀತಾರೋ, ಯಾರು ಕಂಡಿದ್ದಾರೆ? ನಮ್ಮಪ್ಪನ ಕಾಲದಲ್ಲಾದ್ರೆ ಎಲ್ಲಾ ಕಣ್ಣೆದುರಿಗೇ ನಡೀತಿತ್ತು."

ಅವರಪ್ಪ ಸಣ್ಣ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದರು. ಶಾಲೆ ಬಿಟ್ಟ ಮೇಲೆ ಟೈಲರಮ್ಮ ಅಲ್ಲಿನ ಮರದ ಬೆಂಚಿನ ಮೇಲೆ ಕಾಲಾಡಿಸುತ್ತಾ ಕೂರುತ್ತಿದ್ದರು. ಸೀಮೆಎಣ್ಣೆ ಸ್ಟೌವಿನ ಬುಸುಗುಟ್ಟುವಿಕೆ, ಟಕಟಕ ಕುಣಿಯುವ ಪಾತ್ರೆಯ ಮುಚ್ಚಳ, ಮೂಗಿಗಡರುವ ಸ್ಪಿರಿಟ್ ವಾಸನೆ. ಅಪ್ಪ ಉದ್ದನೆಯ ಇಕ್ಕಳದಿಂದ ಒಂದೊಂದೇ ಕತ್ತರಿಯನ್ನು ಎತ್ತಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. "ಮುಟ್ಟಬೇಡ ಪುಟ್ಟಿ, ಬಿಸಿ" ಅನ್ನುತ್ತಿದ್ದರು. ಆ ದನಿ ನೆನಪಾದರೆ ಈಗಲೂ ಟೈಲರಮ್ಮನ ಹೊಲಿಗೆ ಯಂತ್ರ ತಾನಾಗಿ ನಿಧಾನವಾಗುತ್ತದೆ.

ವಿಷಯ ತಂಗಿಯ ಮಗಳ ಕಿವಿಗೆ ಬಿತ್ತು. ಅವಳು ಈಗ ಆಪರೇಷನ್ ಆಗಬೇಕಿದ್ದ ಆಸ್ಪತ್ರೆಯಲ್ಲೇ ನರ್ಸ್. ಸಂಜೆ ಮನೆಗೆ ಬಂದವಳು, "ದೊಡ್ಡಮ್ಮ, ನಾಳೆ ಆಸ್ಪತ್ರೆಗೆ ಬನ್ನಿ. ತೊಳೆಯೋ ಕೋಣೆಯೊಳಗೆ ಬಿಡಲ್ಲ, ಗಾಜಿನ ಕಿಟಕಿಯಿಂದ ತೋರಿಸ್ತೀನಿ" ಎಂದಳು.

"ನಂಗೇನು ತೋರಿಸ್ತೀಯೇ? ಕುದಿಯೋ ಪಾತ್ರೆ ನೋಡ್ಕೊಂಡೇ ಬೆಳೆದವಳು ನಾನು."

"ಅದಕ್ಕೇ ಬನ್ನಿ ಅಂದದ್ದು."

ಮರುದಿನ ಟೈಲರಮ್ಮ ಗಾಜಿಗೆ ಮೂಗು ತಾಗಿಸಿ ನಿಂತರು. ಒಳಗೆ ದಪ್ಪ ಕೈಗವಸು ತೊಟ್ಟವರು ಕತ್ತರಿಗಳ ಬಾಯಿ ಅಗಲಿಸಿ, ಸೋಪಿನ ನೀರಿನಲ್ಲಿ ಮುಳುಗಿಸಿ, ಸಣ್ಣ ಬ್ರಷ್ಷಿನಿಂದ ಸಂದಿಗೊಂದಿ ಉಜ್ಜುತ್ತಿದ್ದರು.

"ಕುದಿಸೋದು ಬಿಟ್ಟು ಮುಸುರೆ ಪಾತ್ರೆ ಉಜ್ಜಿದ ಹಾಗೆ ಉಜ್ತಾ ಇದ್ದಾರಲ್ಲೇ!"

"ಮೊದಲು ಉಜ್ಜಲೇಬೇಕು ದೊಡ್ಡಮ್ಮ. ರಕ್ತ ಒಣಗಿ ಅಂಟಿಕೊಂಡ್ರೆ ಅದರಡಿ ರೋಗಾಣು ಅವಿತಿರ್ತವೆ. ಹಬೆಯಾಗ್ಲಿ ಔಷಧಿಯಾಗ್ಲಿ ಅಲ್ಲಿಗೆ ಸರಿಯಾಗಿ ತಾಗಲ್ಲ. ಅದಕ್ಕೇ ಆಪರೇಷನ್ ಮುಗಿದ ಕೂಡಲೇ, ಒಣಗೋಕೆ ಬಿಡದೆ ಇಲ್ಲಿಗೆ ತರ್ತಾರೆ. ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ, ಅಗೋ ಆ ದೊಡ್ಡ ಯಂತ್ರದಲ್ಲಿ ಒತ್ತಡದ ಹಬೆ ಕೊಡ್ತಾರೆ. ನಮ್ಮ ಕುಕ್ಕರಿನ ಹಾಗೆ. ಬರೀ ಕುದಿಸಿದ್ರೆ ಸಾಯದ ಗಟ್ಟಿ ರೋಗಾಣುಗಳೂ ಅದರಲ್ಲಿ ಸಾಯ್ತವೆ."

ಟೈಲರಮ್ಮ ಆ ಯಂತ್ರದತ್ತ ಕಣ್ಣು ನೆಟ್ಟರು. ಆಮೇಲೆ ಮೆಲ್ಲಗೆ ಹೇಳಿದರು. "ಒಂದಿನ ಅಪ್ಪ ಊಟ ಬಿಟ್ಟು ಕೂತಿದ್ರು ಕಣೇ. ಯಾರದೋ ಗಾಯ ಕೀವಾಗಿತ್ತಂತೆ. 'ಕುದಿಸಿಯೇ ಕೊಟ್ಟಿದ್ದೆನಲ್ಲ, ಯಾಕೆ ಹೀಗಾಯ್ತೋ' ಅಂತ ಅದೇ ಮಾತು."

"ಗಾಯ ಕೀವಾಗೋಕೆ ನೂರು ಕಾರಣ ಇರುತ್ತೆ. ಆ ಕಾಲಕ್ಕೆ ತಾತನ ಕೈಲಿದ್ದದ್ದು ಅಷ್ಟೇ. ಅದನ್ನ ಅವರು ಮನಸ್ಸಿಟ್ಟು ಮಾಡಿದ್ರು. ಈ ಯಂತ್ರ ಸಿಕ್ಕಿದ್ದಿದ್ರೆ ಮನೆಗೇ ಬರ್ತಿರಲಿಲ್ಲ ಬಿಡಿ!"

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ನಿಮ್ಮ ದೊಡ್ಡಪ್ಪನಿಗೆ ದಿನ ಗೊತ್ತುಮಾಡು" ಎಂದರು.

ಆಪರೇಷನ್ ದಿನ ಡ್ರೈವರನ್ನು ಒಳಗೆ ಕರೆದೊಯ್ಯುವ ಹೊತ್ತಿಗೆ ನರ್ಸ್ ಹೊರಗೆ ಬಂದಳು. ಉಪಕರಣದ ಪೊಟ್ಟಣ ಒದ್ದೆಯಾಗಿದೆ, ಒದ್ದೆಯಾದರೆ ಹೊರಗಿನ ರೋಗಾಣು ಒಳಗಿಳಿಯಬಹುದು, ಬೇರೆಯದು ಸಿದ್ಧವಾಗುವವರೆಗೆ ಕಾಯಬೇಕು ಎಂದಳು.

ಡ್ರೈವರ ತಮ್ಮ ರೇಗಿದ. "ಹಬೆ ಕೊಟ್ಟಾಗಿದೆ ತಾನೆ? ಚೂರು ಒದ್ದೆಯಾದ್ರೆ ಏನು ಮುಳುಗಿಹೋಗುತ್ತೆ? ಅಣ್ಣ ಬೆಳಗ್ಗೆಯಿಂದ ಹೊಟ್ಟೆಗಿಲ್ಲದೆ ಮಲಗಿದ್ದಾನೆ."

ಟೈಲರಮ್ಮ ಎದ್ದು ನಿಂತರು. "ಸುಮ್ನಿರಪ್ಪ. ನಾನು ಅವಸರದಲ್ಲಿ ಹೊಲಿದ್ರೆ ಬಿಚ್ಚಿ ಮತ್ತೆ ಹೊಲೀಬಹುದು. ನಿಮ್ಮಣ್ಣನ ಹೊಟ್ಟೆ ಹಾಗೆ ಮತ್ತೆ ಮತ್ತೆ ಬಿಚ್ಚೋಕಾಗುತ್ತಾ? ಎಷ್ಟು ಹೊತ್ತಾದ್ರೂ ಕಾಯೋಣ."

ಮಂಚದ ಮೇಲಿಂದ ಡ್ರೈವರು, "ನನ್ನ ಬಸ್ಸು ಯಾವತ್ತು ಟೈಮಿಗೆ ಸರಿಯಾಗಿ ಹೊರಟಿದೆ? ಇದೂ ತಡವಾಗ್ಲಿ ಬಿಡೋ" ಎಂದರು. ತಮ್ಮನಿಗೂ ನಗು ಬಂತು.

ಮಧ್ಯಾಹ್ನ ಆಪರೇಷನ್ ಆಯಿತು. ಹೊಲಿಗೆ ಬಿಚ್ಚುವ ದಿನ ಗಾಯ ಕೀವಿಲ್ಲದೆ ಒಣಗಿತ್ತು. ಕೆಲವು ವಾರ ವಿಶ್ರಾಂತಿ ಪಡೆದು, ಡ್ರೈವರು ಮತ್ತೆ ಬಸ್ ಹತ್ತಿದರು.

ಅಕ್ಕ, ಅಣ್ಣ, ನಾಳೆ ನಿಮ್ಮ ಮನೆಯವರಿಗೂ ಆಪರೇಷನ್ ಬೇಕಾಗಬಹುದು. ಹೆದರಿ ಮುಂದೂಡಬೇಡಿ. "ಉಪಕರಣ ಹೇಗೆ ತೊಳೀತೀರಿ? ಹಬೆ ಕೊಟ್ಟಿದ್ದೀರಾ?" ಎಂದು ಧೈರ್ಯವಾಗಿ ಕೇಳಿ. ಹಲ್ಲಿನ ಡಾಕ್ಟರ ಬಳಿಯೂ ಕೇಳಿ. ಕೇಳಿದರೆ ಯಾರ ಮರ್ಯಾದೆಯೂ ಹೋಗದು. "ಇದು ಸರಿಯಿಲ್ಲ, ಮತ್ತೆ ಶುಚಿಯಾಗಬೇಕು, ಕಾಯಿರಿ" ಎಂದು ಅವರು ಹೇಳಿದರೆ ಮಾತ್ರ ದಯವಿಟ್ಟು ರೇಗಬೇಡಿ. ಒಳಗೆ ಮಲಗಿರುವವರು ನಿಮ್ಮವರೇ.