ಓವರ್

“ಒಂದೇ ಒಂದು ಪದ, ವಿಂಗ್ ಸಾರ್. ಬಾಕಿ ಎಲ್ಲ ಹಾಗೇ ಇರಲಿ,” ಎಂದರು ಪಾಸ್ಟರು, ಕರಡಚ್ಚಿನ ಕೊನೆಯ ಹಾಳೆಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳುತ್ತ.

ಗೋಡೆಯಾಚೆ ಚರ್ಚಿನ ಪ್ರೆಸ್ಸು ಯಾರದೋ ಮದುವೆ ಕಾಗದಗಳನ್ನು ಉಗುಳುತ್ತಿತ್ತು. ಸ್ತೋತ್ರಪುಸ್ತಕ, ಮದುವೆ ಕಾಗದ, ವಾಯುಪಡೆಯ ನಿವೃತ್ತ ಪೈಲಟ್, ವಿಂಗ್ ಕಮಾಂಡರ್ ಒಬ್ಬರ ಅಂತರಿಕ್ಷದ ಕಾದಂಬರಿ: ಅಲ್ಲಿಂದ ಹೊರಬೀಳುತ್ತಿದ್ದದ್ದು ಇವಿಷ್ಟೇ. ಮೊದಲನೆಯ ಕಾದಂಬರಿಯಲ್ಲಿ ವಿಂಗ್ ಸಾರ್ ಶನಿಯ ಉಂಗುರದ ಮೇಲೆ ದೇವದೂತರಿಗೆ ಕ್ವಾರ್ಟರ್ಸ್ ಕಟ್ಟಿಸಿಕೊಟ್ಟಿದ್ದರು. ಎರಡನೆಯದರಲ್ಲಿ ಮಂಗಳ ಗ್ರಹದವರಿಗೆ ದೀಕ್ಷಾಸ್ನಾನ ಮಾಡಿಸಲು ನೀರೇ ಸಿಗದೆ ಮೂರು ಅಧ್ಯಾಯ ಪರದಾಡಿದ್ದರು. ಆಗೆಲ್ಲ ಪಾಸ್ಟರು ಚಕಾರ ಎತ್ತಿರಲಿಲ್ಲ. ಮೂರನೆಯದರ ಕೊನೆಯಲ್ಲಿ ಜೊತೆಗಾರನ ನೌಕೆ ಕಣ್ಮರೆಯಾಗುತ್ತದೆ, ನಾಯಕಿ ಅವನಿಗಾಗಿ ಪ್ರಾರ್ಥಿಸುತ್ತಾಳೆ. ಆ ಪ್ರಾರ್ಥನೆ ‘ಆಮೆನ್’ ಎಂದು ಮುಗಿಯದೆ ‘ಓವರ್’ ಎಂದು ಮುಗಿದದ್ದು ಮಾತ್ರ ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

“ಜನ ಏನಂತಾರೆ ಸಾರ್? ಇವಳೇನು ದೇವರ ಹತ್ರ ಕ್ರಿಕೆಟ್ ಆಡ್ತಿದ್ದಾಳಾ ಅಂತಾರೆ.”

“ರೇಡಿಯೋದಲ್ಲಿ ಓವರ್ ಅಂದ್ರೆ ನನ್ನ ಮಾತಾಯ್ತು, ಈಗ ನೀನು ಹೇಳು, ಕೇಳಿಸ್ಕೋತಾ ಇದ್ದೀನಿ ಅಂತ. ನಮ್ಮಲ್ಲಿ ಆಮೆನ್ ಅಂದ ತಕ್ಷಣ ಎಲ್ಲರೂ ಬೈಕ್ ಕೀ ಹುಡುಕ್ತಾರೆ.”

ಪಾಸ್ಟರು ನಕ್ಕರು. ಒಳ್ಳೆಯ ಮನುಷ್ಯ, ರಾಜಿ ಮಾಡಿಸುವುದರಲ್ಲಿ ಎತ್ತಿದ ಕೈ. “ಸರಿ, ನಿಮ್ಮದೂ ಬೇಡ, ನಂದೂ ಬೇಡ. ‘ಓವರ್ ಅಂಡ್ ಔಟ್, ಆಮೆನ್.’ ಆಯ್ತಾ?”

ವಿಂಗ್ ಸಾರ್ ಹಲ್ಲುನೋವು ಬಂದವರಂತೆ ಮುಖ ಹಿಂಡಿದರು. “ಅದು ಸಿನಿಮಾದವರ ಮಾತು ಪಾಸ್ಟರೇ. ಔಟ್ ಅಂದ್ರೆ ಮಾತು ಮುಗೀತು, ಉತ್ತರ ಬೇಡ ಅಂತ. ಉತ್ತರ ಕೊಡಪ್ಪಾ ಅಂತ ಕೇಳಿ, ಮರುಕ್ಷಣ ಫೋನ್ ಕುಕ್ಕೋದಾ?”

“ಹಾಗಾದ್ರೆ ನಮ್ಮ ಪ್ರೆಸ್ಸಲ್ಲಿ ಆಗಲ್ಲ. ಬೇರೆ ಯಾರು ಹಾಕ್ತಾರೆ ಹೇಳಿ? ಹೊರಗಿನ ಪ್ರಕಾಶಕರಿಗೆ ಯೇಸು ಜಾಸ್ತಿ, ಬೇರೆ ಚರ್ಚಿನವರಿಗೆ ರಾಕೆಟ್ ಜಾಸ್ತಿ.”

ಮಾತು ನಿಜವೇ. ವಿಂಗ್ ಸಾರ್ ಕೈ ಚಾಚಿದರು. “ಹಾಳೆಗಳನ್ನೆಲ್ಲ ವಾಪಸ್ ಕೊಡಿ.”

ಮನೆಯಲ್ಲಿ ಹೆಂಡತಿ ಕರಡಚ್ಚಿನ ಕಟ್ಟನ್ನು ನೋಡಿದ ಕೂಡಲೇ ಎಲ್ಲವನ್ನೂ ಊಹಿಸಿದಳು. “ನಾಲ್ಕು ವರ್ಷ ಬರೆದದ್ದು ಒಂದು ಪದಕ್ಕೋಸ್ಕರ ಅಟ್ಟಕ್ಕೆ ಹೋಗುತ್ತಾ? ಆಮೆನ್ ಅಂದ್ರೆ ನಿಮ್ಮ ನಾಯಕಿ ನಾಲಿಗೆ ಸವೆಯುತ್ತೇನ್ರೀ?”

“ಸರ್ವಿಸಲ್ಲಿದ್ದಾಗ ಒಂದಿನ, ಜೊತೆಗೆ ಹಾರ್ತಿದ್ದ ಒಬ್ಬ ಮೋಡದೊಳಗೆ ಹೋದ. ಕರೆದೆ. ಓವರ್ ಅಂದೆ, ಕಾದೆ. ಮತ್ತೆ ಕರೆದೆ. ‘ಸಾಕು, ಔಟ್ ಹೇಳಿ ವಾಪಸ್ ಬಾ’ ಅಂತ ಕೆಳಗಿಂದ ಆರ್ಡರ್ ಬಂತು. ವಾಪಸ್ ಬಂದೆ. ಔಟ್ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.”

ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿಯೂ ಆಕೆ ಇದನ್ನು ಕೇಳಿರಲಿಲ್ಲ. ಪಾತ್ರೆ ಒರೆಸುವ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

“ಕಾದಂಬರಿಯಲ್ಲಿ ಆ ಜೊತೆಗಾರನನ್ನ ಯಾಕೆ ಅಷ್ಟು ದಪ್ಪ ಮಾಡಿದ್ದೀರಿ?”

“ದಪ್ಪಗೇ ಇದ್ದ.”

ಭಾನುವಾರ, ಮನಸ್ತಾಪ ಉಳಿಯಬಾರದೆಂದೋ ಏನೋ, ಪಾಸ್ಟರು ಮುಕ್ತಾಯದ ಪ್ರಾರ್ಥನೆಗೆ ವಿಂಗ್ ಸಾರ್ ಅವರನ್ನೇ ಕರೆದರು. ಅವರು ಕೂತಲ್ಲೇ ಎದ್ದು ನಿಂತರು. ಕಾಯಿಲೆಯವರಿಗಾಗಿ ಬೇಡಿದರು, ಪರೀಕ್ಷೆ ಬರೆಯುವವರಿಗಾಗಿ ಬೇಡಿದರು, ಪಾಸ್ಟರ ನೆಗಡಿಗೂ ಒಂದು ವಾಕ್ಯ ಸೇರಿಸಿದರು. ದೂರ ಹೋಗಿ ಇನ್ನೂ ಸದ್ದು ಕೊಡದಿರುವವರನ್ನು ನೆನೆದರು. ಆಮೇಲೆ ಸ್ಪಷ್ಟವಾಗಿ, ಗೋಡೆಗೆ ತಾಗುವಂತೆ ಹೇಳಿದರು:

“ಓವರ್.”

ಆಮೆನ್ ಎನ್ನಲು ತೆರೆದಿದ್ದ ಬಾಯಿಗಳು ತೆರೆದೇ ಉಳಿದವು. ವೇದಿಕೆಯಲ್ಲಿ ಪಾಸ್ಟರು ಕಣ್ಣು ಬಿಡಲೂ ಆಗದೆ, ಬಿಡದೆ ಇರಲೂ ಆಗದೆ ರೆಪ್ಪೆ ಅದುರಿಸುತ್ತಿದ್ದರು. “ಆ...” ಎಂದರು. ಮುಂದಿನ ಅಕ್ಷರ ಹೊರಡಲಿಲ್ಲ.

ಹಿಂದಿನ ಬೆಂಚಿನ ಹೆಂಗಸು ಮೆಲ್ಲಗೆ ಮುಂದಕ್ಕೆ ಬಾಗಿದಳು. “ಏನಕ್ಕಾ, ಮುಗೀತಾ?”

“ಇಲ್ಲ ಕಣೆ,” ಎಂದಳು ಹೆಂಡತಿ, ಕಣ್ಣು ಮುಚ್ಚಿಕೊಂಡೇ. “ಈಗ ಆತನ ಸರದಿ.”

ಕೀಬೋರ್ಡಿನವಳ ಬೆರಳುಗಳು ಕೀಲಿಗಳ ಮೇಲೆ ಗಾಳಿಯಲ್ಲೇ ನಿಂತಿದ್ದವು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ವಿಂಗ್ ಸಾರ್ ಬಲ ಅಂಗೈಯನ್ನು ಕಿವಿಗೆ ಒತ್ತಿಕೊಂಡು, ತಲೆ ತುಸು ವಾಲಿಸಿ, ನಿಂತೇ ಇದ್ದರು.