ತಳಕ್ಕೆ ನಾಲ್ಕು ತೂತು

"ತಳಕ್ಕೆ ನಾಲ್ಕು ತೂತು ಕೊರೆದುಕೊಟ್ರೆ ಸಾಕು," ಎಂದು ಪಾರ್ಕಿನ ಆಫೀಸರಮ್ಮ ಎರಡನೇ ಸಲ ಹೇಳಿದರು. ದೋಣಿ ಕಟ್ಟುವವನು ಬಾಡಿಗೆ ಮನೆಯ ಹೊಸ್ತಿಲಲ್ಲಿ ಕೂತು ತನ್ನ ಕಾಲುಗುರು ನೋಡುತ್ತಿದ್ದ. ಬಿಸಿಲಲ್ಲಿ ನಡೆದು ಬಂದು ಅವರೂ ಸುಸ್ತಾಗಿದ್ದರು. ಜಗಳಕ್ಕೆ ಇಬ್ಬರಲ್ಲೂ ತ್ರಾಣ ಉಳಿದಿರಲಿಲ್ಲ.

ಹೊಳೆಯಂಚಿನಲ್ಲಿದ್ದವರ ಜಾಗವನ್ನು ಸರ್ಕಾರ ಪಾರ್ಕಿಗೆಂದು ಕೇಳಿದಾಗ ಎಲ್ಲರಿಗಿಂತ ಕೊನೆಗೆ ಒಪ್ಪಿದವನು ಅವನು. ಕಚೇರಿಗಳಿಗೆ ಅಲೆದು ಅಲೆದು ಚಪ್ಪಲಿ ಸವೆದ ಮೇಲೆ, ಹೆಂಡತಿಯೂ ಸಾಕಪ್ಪಾ ಸಾಕು ಎಂದ ಮೇಲೆ, ಒಂದೇ ಒಂದು ಮಾತು ಕೇಳಿದ್ದ: ತಾನು ಕಟ್ಟುತ್ತಿರುವ ಕೊನೆಯ ದೋಣಿ ಅಲ್ಲೇ ಇರಬೇಕು. ಅದಕ್ಕೇನಂತೆ, ಮಣ್ಣು ತುಂಬಿ ಹೂಗಿಡ ನೆಡೋಣ ಎಂದು ಆಫೀಸರಮ್ಮನೇ ಮೇಲಿನವರನ್ನು ಒಪ್ಪಿಸಿದ್ದರು.

ಎಡವಿದ್ದು ಇವನೇ. ಹೂಗಿಡಕ್ಕೆ ಅಂತ ಗೊತ್ತಿದ್ದರೂ ಕೈ ಕೇಳಬೇಕಲ್ಲ. ನಾಳೆಯೇ ಹೊಳೆಗಿಳಿಸುವವನ ಹಾಗೆ ಹಲಗೆಗಳ ಸಂದುಸಂದಿಗೂ ಹತ್ತಿ ತುರುಕಿ ಡಾಂಬರು ಬಳಿದುಕೊಟ್ಟಿದ್ದ. ದಿನಾ ಹಾಕಿದ ನೀರು ಹೋಗಲು ದಾರಿಯಿಲ್ಲದೆ ಗಿಡಗಳ ಬೇರು ಕೊಳೆತು ನಾರತೊಡಗಿತ್ತು. ಮಾಲಿಗಳು ಮತ್ತೆ ಮತ್ತೆ ನೆಟ್ಟು ಕೈಚೆಲ್ಲಿದ್ದರು.

"ಇಲ್ಲಾಂದ್ರೆ ಅದನ್ನ ಒಡೆದು ಸಿಮೆಂಟಿನ ದೋಣಿ ಇಡ್ತಾರಂತೆ. ಬೇರೆಯವರ ಕೈಲಿ ಕೊರೆಸೋಕೆ ನಂಗೆ ಮನಸ್ಸು ಬರ್ಲಿಲ್ಲ, ಯಜಮಾನ್ರೇ."

"ನಾನು ಕಲ್ತಿದ್ದೆಲ್ಲ ತೂತು ಮುಚ್ಚೋದೇ ಅಮ್ಮಾ," ಎಂದ ಅವನು. ಆದರೂ ಎದ್ದು ಮಂಚದ ಕೆಳಗಿಂದ ಬೈರಿಗೆ ಎಳೆದುಕೊಂಡ. ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ತಾನೂ ಹೊರಟಳು. ಈ ಕೆಲಸಕ್ಕೆ ಅವನೊಬ್ಬನನ್ನೇ ಕಳಿಸಲು ಅವಳಿಗೆ ಧೈರ್ಯವಾಗಲಿಲ್ಲ.

ದೋಣಿ ಮೊದಲಿದ್ದ ಜಾಗದಲ್ಲೇ, ಎರಡು ದಿಮ್ಮಿಗಳ ಮೇಲಿತ್ತು. ಸುತ್ತ ಹುಲ್ಲುಹಾಸು, ಬೆಂಚಿನ ಮೇಲೆ ಯಾರೋ ತೂಕಡಿಸುತ್ತಿದ್ದರು. ಅವನು ಅಂಗಾತ ಮಲಗಿ ತಳದ ಕೆಳಗೆ ಜರುಗಿದ. ತಾನೇ ಆರಿಸಿ ತಂದ ಹಲಗೆ, ಗಂಟು ಎಲ್ಲಿದೆ ಎಂದು ತಡವಿದರೆ ಸಾಕು, ತಿಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡು ಬೈರಿಗೆ ತಿರುಗಿಸಿದ. ಮರದ ಪುಡಿ ಮುಖಕ್ಕೆ ಉದುರಿತು, ಆಮೇಲೆ ಕಪ್ಪು ನೀರು ಸುರಿಯಿತು.

ಅವನ ಹೆಬ್ಬೆರಳು ತಾನಾಗಿ ಹೋಗಿ ತೂತನ್ನು ಒತ್ತಿ ಹಿಡಿಯಿತು.

ಹೆಂಡತಿ ಬಗ್ಗಿ ನೋಡಿದಳು. "ಬೆರಳು ತೆಗೀರಿ," ಎಂದಳು ಮೆಲ್ಲಗೆ.

"ತೆಗೀತೀನಿ, ಇರು."

ನೀರು ಹೆಬ್ಬೆರಳ ಪಕ್ಕದಿಂದ ಜಿನುಗಿ, ಮೊಣಕೈವರೆಗೂ ಹರಿದು, ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.